ಫೆಬ್ರವರಿಯಲ್ಲಿ ನೋಡಿದ ಊರು

ನಿವೃತ್ತಿಯ ನಂತರ ಎಲ್ಲಿರಬೇಕು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಬಹಳ ಕಾಲ ಎರಡೇ ಉತ್ತರಗಳಿದ್ದವು. ಒಂದು ಶಿವಮೊಗ್ಗ, ಇನ್ನೊಂದು ಮಗಳಿರುವ ಊರು. ಮಗಳು ಐದು ವರ್ಷಗಳಲ್ಲಿ ಮೂರು ಊರು ಬದಲಿಸಿದ ಮೇಲೆ ಎರಡನೆಯ ಉತ್ತರ ತಾನಾಗಿಯೇ ಬಿದ್ದುಹೋಯಿತು. ಶಿವಮೊಗ್ಗದ ಉತ್ತರವನ್ನು ನಾವು ಪೂರ್ತಿ ಕೈಬಿಟ್ಟಿಲ್ಲ. ಆದರೆ ಡೆಟ್ರಾಯಿಟಿನ ಹೊರವಲಯದ ಟ್ರಾಯ್‌ನಲ್ಲಿ ಮೂವತ್ತೊಂದು ವರ್ಷ ಕಳೆದವರಿಗೆ, ಅದರಲ್ಲೂ ಒಬ್ಬರಿಗೆ ಮೊಣಕಾಲಿನ ತೊಂದರೆಯೂ ಇನ್ನೊಬ್ಬರಿಗೆ ರಕ್ತದೊತ್ತಡವೂ ಇರುವಾಗ, ಅರುವತ್ತೈದು ದಾಟಿದವರಿಗೆ ಸರ್ಕಾರ ಕೊಡುವ ಮೆಡಿಕೇರ್ ಎಂಬ ಆರೋಗ್ಯ ವಿಮೆಯ ಸೌಲಭ್ಯ ಅಮೆರಿಕದ ಗಡಿ ದಾಟಿ ಬರುವುದಿಲ್ಲ ಎಂಬ ಸಂಗತಿ ಸಣ್ಣದಲ್ಲ. ಹೀಗಾಗಿ, ವರ್ಷಕ್ಕೆ ಒಂದೆರಡು ತಿಂಗಳು ಊರಿಗೆ ಹೋಗಿಬರುವುದೆಂದೂ, ಉಳಿದ ಕಾಲ ಉತ್ತರದ ಮಹಾಸರೋವರಗಳ ದಡದಲ್ಲಿ ಯಾವುದಾದರೂ ಚಿಕ್ಕ ಪಟ್ಟಣದಲ್ಲಿ ನೆಲೆಸುವುದೆಂದೂ ಮೂರು ವರ್ಷಗಳ ಹಿಂದೆ ತೀರ್ಮಾನಿಸಿದೆವು. ಪಟ್ಟಣ ಯಾವುದು ಎಂಬುದನ್ನು ತೀರ್ಮಾನಿಸುವುದಕ್ಕೇ ಮೂರು ವರ್ಷ ಹಿಡಿಯಿತು.

ಇಂಥ ಊರುಗಳನ್ನು ಎಲ್ಲರೂ ನೋಡುವುದು ಜುಲೈನಲ್ಲಿ. ನಾವೂ ಹಾಗೆಯೇ ಮಾಡಿದೆವು. ಮೊದಲು ಹೋದದ್ದು ಟ್ರಾವರ್ಸ್ ಸಿಟಿಗೆ. ನಮ್ಮ ಮನೆಯಿಂದ ನಾಲ್ಕು ಗಂಟೆಯ ದಾರಿ, ಮಿಶಿಗನ್ ಸರೋವರದ ಒಂದು ಕೊಲ್ಲಿಯ ತಳದಲ್ಲಿ ಕುಳಿತ ಹದಿನೈದು ಸಾವಿರ ಚಿಲ್ಲರೆ ಜನರ ಪಟ್ಟಣ, ದೇಶಕ್ಕೇ ಚೆರ್ರಿ ಹಣ್ಣಿನ ರಾಜಧಾನಿ ಎಂದು ಹೆಸರಾದದ್ದು. ಊರಿನಿಂದ ಉತ್ತರಕ್ಕೆ ಚಾಚಿಕೊಂಡಿರುವ ಓಲ್ಡ್ ಮಿಷನ್ ಪರ್ಯಾಯದ್ವೀಪದ ತುದಿಯ ಬಳಿ ನಲವತ್ತೈದನೆಯ ಅಕ್ಷಾಂಶ ಹಾದುಹೋಗುತ್ತದೆ. ಭೂಮಧ್ಯರೇಖೆಗೂ ಉತ್ತರ ಧ್ರುವಕ್ಕೂ ನಡುವೆ ನಿಂತಿದ್ದೇವೆ ಎಂದು ಹೇಳುವ ಫಲಕದ ಮುಂದೆ ನಾವೂ ಒಂದು ಚಿತ್ರ ತೆಗೆಸಿಕೊಂಡೆವು. ಊರಿನಲ್ಲಿ ಒಳ್ಳೆಯ ದೊಡ್ಡ ಆಸ್ಪತ್ರೆಯಿದೆ, ವಿಮಾನ ನಿಲ್ದಾಣವಿದೆ. 1885ರಲ್ಲಿ ಆರಂಭವಾದ ಮಾನಸಿಕ ಚಿಕಿತ್ಸಾಲಯದ ಹಳೆಯ ಇಟ್ಟಿಗೆ ಕಟ್ಟಡಗಳನ್ನು ಈಗ ಅಂಗಡಿ, ಹೋಟೆಲು, ವಾಸದ ಫ್ಲ್ಯಾಟುಗಳನ್ನಾಗಿ ಬಹಳ ಚೆಂದವಾಗಿ ಪರಿವರ್ತಿಸಿದ್ದಾರೆ. ಅಲ್ಲೊಂದು ಫ್ಲ್ಯಾಟು ನೋಡಿ ನನಗೆ ಇಷ್ಟವಾಯಿತು. "ಬಂಧುಗಳಿಗೆ ವಿಳಾಸ ಹೇಳುವಾಗ ಹಿಂದೆ ಏನಿತ್ತು ಎಂದು ಹೇಳಬೇಡಿ, ಅಷ್ಟು ಸಾಕು" ಎಂದಳು ನನ್ನ ಹೆಂಡತಿ.

ಆದರೆ ಟ್ರಾವರ್ಸ್ ಸಿಟಿಯನ್ನು ನಮಗಿಂತ ಮೊದಲೇ ಎಲ್ಲರೂ ಕಂಡುಹಿಡಿದಿದ್ದಾರೆ. ಅದರ ಬೆಲೆಗಳು ಟ್ರಾಯ್‌ನ ಬೆಲೆಗಳಿಗಿಂತ ಕಡಿಮೆಯೇನೂ ಇರಲಿಲ್ಲ. ನೀರು ಕಾಣುವ ಮನೆಯ ಬೆಲೆಯನ್ನು ಕೇಳುವುದೇ ಬೇಡ ಎನ್ನುವಂತಿತ್ತು. ಅದೇ ವರ್ಷ ನವೆಂಬರಿನಲ್ಲಿ ಮತ್ತೊಮ್ಮೆ ಹೋದಾಗ ಕೊಲ್ಲಿಯ ದಡದ ರಸ್ತೆಯಲ್ಲಿ ಸಂಜೆ ನಿಧಾನವಾಗಿ ಕಾರು ಓಡಿಸಿದೆವು. ಮನೆಯ ನಂತರ ಮನೆ ಕತ್ತಲೆ. ಎಲ್ಲವೂ ಬೇಸಿಗೆಯ ಮನೆಗಳು, ಇಲ್ಲವೇ ವಾರದ ಲೆಕ್ಕದಲ್ಲಿ ಪ್ರವಾಸಿಗಳಿಗೆ ಕೊಡುವ ಮನೆಗಳು. ನನ್ನ ಬಾಲ್ಯದ ಮನೆ ಸಾಗರದ ಹತ್ತಿರ, ಅಕ್ಕಪಕ್ಕದ ಮನೆಗೂ ಅರ್ಧ ಮೈಲಿಯ ತೋಟದ ದಾರಿಯಿದ್ದ ಕಡೆ. ಒಂಟಿ ಮನೆಯೆಂದರೆ ನನಗೆ ಹೆದರಿಕೆಯಿಲ್ಲ. ಆದರೆ ಸಾಲುಸಾಲಾಗಿ ಮನೆಗಳಿದ್ದೂ ಒಂದರಲ್ಲೂ ದೀಪವಿಲ್ಲದ ಬೀದಿ ಬೇರೆಯೇ ಸಂಗತಿ. ಎಪ್ಪತ್ತೈದನೆಯ ವಯಸ್ಸಿನಲ್ಲಿ ರಾತ್ರಿ ಎದೆನೋವು ಬಂದರೆ ತಟ್ಟಬೇಕಾದ ಬಾಗಿಲು ಅಲ್ಲಿ ಯಾವುದೂ ಇರಲಿಲ್ಲ.

ಇನ್ನು ಮುಂದೆ ಯಾವ ಊರನ್ನೂ ಬೇಸಿಗೆಯಲ್ಲಿ ನೋಡುವುದಿಲ್ಲ ಎಂಬ ನಿಯಮವನ್ನು ಆ ರಾತ್ರಿಯೇ ಮಾಡಿಕೊಂಡೆವು. ಆ ನಿಯಮದ ಮೊದಲ ಫಲ ನನ್ನ ಹೆಂಡತಿಯ ಮುರಿದ ಮಣಿಕಟ್ಟು. ಮರುವರ್ಷದ ಫೆಬ್ರವರಿಯಲ್ಲಿ, ಸುಪೀರಿಯರ್ ಸರೋವರದ ದಡದ ಒಂದು ಪುಟ್ಟ ಊರಿನಲ್ಲಿ (ಅದರ ಹೆಸರು ಇಲ್ಲಿ ಬೇಡ), ಬೇಕರಿಯ ಮುಂದಿನ ಮೆಟ್ಟಿಲಿನ ಮೇಲೆ ಗಾಜಿನಂತೆ ಕೂತಿದ್ದ ತೆಳುವಾದ ಮಂಜುಗಡ್ಡೆ ಕಾಣದೆ ಅವಳು ಜಾರಿ ಬಿದ್ದಳು. ಊರಿನ ಚಿಕ್ಕ ಆಸ್ಪತ್ರೆಯವರು ಬಹಳ ಪ್ರೀತಿಯಿಂದ ನೋಡಿಕೊಂಡರು, ಎಕ್ಸ್-ರೇ ತೆಗೆದರು, ಕೈಗೆ ಪಟ್ಟಿ ಕಟ್ಟಿದರು. ಮೂಳೆ ವೈದ್ಯರು ಅಲ್ಲಿಗೆ ಬರುವುದು ವಾರಕ್ಕೆ ಒಂದು ದಿನ, ಆ ದಿನ ನಿನ್ನೆಯೇ ಕಳೆದಿತ್ತು. ಮುಂದಿನ ಆಸ್ಪತ್ರೆಗೆ ಅರುವತ್ತು ಮೈಲಿ. ಗಾಳಿಗೆ ರಸ್ತೆಯ ಮೇಲೆ ಹಿಮ ಹಾವಿನಂತೆ ಹರಿದಾಡುತ್ತಿದ್ದ ಆ ಅರುವತ್ತು ಮೈಲಿಯನ್ನು ಎರಡು ಗಂಟೆಯಲ್ಲಿ ದಾಟಿದೆ. ಹಿಂದಿನ ಸೀಟಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ, ಅದು ಅವಳ ಸ್ವಭಾವವಲ್ಲ.

ಅಮೆರಿಕದ ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳ ವ್ಯವಸ್ಥೆ ಹೇಗಿದೆ ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. 1997ರ ಕಾಯ್ದೆಯ ಪ್ರಕಾರ ಇಪ್ಪತ್ತೈದು ಹಾಸಿಗೆಗಳನ್ನು ಮೀರದ ದೂರದ ಆಸ್ಪತ್ರೆಗಳಿಗೆ ಮೆಡಿಕೇರ್ ವಿಶೇಷ ದರದಲ್ಲಿ ಹಣ ಕೊಡುತ್ತದೆ. ಅವು ಮುಚ್ಚಿಹೋಗದೆ ಉಳಿದಿರುವುದಕ್ಕೆ ಇದು ಮುಖ್ಯ ಕಾರಣ. ತುರ್ತು ಚಿಕಿತ್ಸೆ ಕೊಟ್ಟು, ಸ್ಥಿತಿಯನ್ನು ಹದಕ್ಕೆ ತಂದು, ದೊಡ್ಡ ಆಸ್ಪತ್ರೆಗೆ ಕಳಿಸುವುದು ಅವುಗಳ ಕೆಲಸ. ಆ ಕೆಲಸವನ್ನು ಅವು ಚೆನ್ನಾಗಿಯೇ ಮಾಡುತ್ತವೆ. ಆದರೆ ನಿವೃತ್ತರಾಗಿ ನೆಲೆಸುವವರು ನಕಾಶೆಯ ಮೇಲೆ ಆಸ್ಪತ್ರೆಯ ಗುರುತು ಕಂಡ ಮಾತ್ರಕ್ಕೆ ನೆಮ್ಮದಿಪಡಬಾರದು. ಹೃದಯ, ಮೂಳೆ, ಕ್ಯಾನ್ಸರ್ ಈ ಮೂರಕ್ಕೂ ವೈದ್ಯರು ವಾರವಿಡೀ ಅಲ್ಲೇ ಇರುತ್ತಾರೆಯೇ ಎಂದು ದೂರವಾಣಿ ಮಾಡಿ ಕೇಳಬೇಕು. ಅದರ ಜೊತೆಗೇ, ನೀವು ಮೆಡಿಕೇರ್ ಅಡ್ವಾಂಟೇಜ್ ಎಂಬ, ಖಾಸಗಿ ಕಂಪನಿಗಳು ನಡೆಸುವ ಯೋಜನೆ ಸೇರಿದ್ದರೆ ಅದರ ಜಾಲದಲ್ಲಿ ಆ ಊರಿನ ವೈದ್ಯರು ಇದ್ದಾರೆಯೇ ಎಂದೂ ಕೇಳಬೇಕು. ಮಹಾನಗರದಲ್ಲಿ ಅಗ್ಗವೆನಿಸಿದ ಯೋಜನೆ ದೂರದ ಊರಿನಲ್ಲಿ ಕೈಕೊಡುವುದುಂಟು. ಮೂಲ ಮೆಡಿಕೇರ್ ಜೊತೆಗೆ ಪೂರಕ ವಿಮೆ ಇಟ್ಟುಕೊಂಡವರಿಗೆ ಈ ತಾಪತ್ರಯ ಕಡಿಮೆ. ನಮ್ಮವರು ಮಾಡುವ ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡು ಮೂರು ವರ್ಷ ಭಾರತದಲ್ಲಿರುತ್ತೇವೆ ಎಂದು ಕಂತು ಉಳಿಸಲು ಪಾರ್ಟ್ ಬಿ, ಅಂದರೆ ವೈದ್ಯರ ಶುಲ್ಕ ಮತ್ತು ಹೊರರೋಗಿ ಚಿಕಿತ್ಸೆಗೆ ಇರುವ ಮೆಡಿಕೇರ್ ಭಾಗವನ್ನು ಬಿಟ್ಟುಬಿಡುತ್ತಾರೆ; ಮರಳಿ ಬಂದು ಸೇರುವಾಗ, ಹೊರಗಿದ್ದ ಪ್ರತಿ ಹನ್ನೆರಡು ತಿಂಗಳಿಗೆ ಶೇಕಡಾ 10ರಷ್ಟು ಹೆಚ್ಚುವರಿ ಕಂತು ಬೀಳುತ್ತದೆ, ಅದು ಜೀವನಪೂರ್ತಿ.

ಮಣಿಕಟ್ಟು ಕೂಡಿದ ಮೇಲೆ ನೋಡಿದ್ದು ಮಿನೆಸೋಟಾದ ಡುಲೂತ್. ಸುಪೀರಿಯರ್ ಸರೋವರದ ಪಶ್ಚಿಮದ ತುದಿಯಲ್ಲಿರುವ, ಸುಮಾರು 86,000 ಜನರ ಈ ಬಂದರನ್ನು ಪಟ್ಟಣವೆನ್ನುವುದಕ್ಕಿಂತ ನಗರವೆನ್ನುವುದೇ ಸರಿ. ಎರಡು ದೊಡ್ಡ ಆಸ್ಪತ್ರೆಗಳು, ವಿಶ್ವವಿದ್ಯಾಲಯ, ಎರಡೂವರೆ ಗಂಟೆಯ ದೂರದಲ್ಲಿ ಮಿನಿಯಾಪೊಲಿಸ್, ಅದರ ಮಗ್ಗುಲಿನ ಮೇಪಲ್ ಗ್ರೋವ್‌ನಲ್ಲಿ ದೊಡ್ಡ ಹಿಂದೂ ದೇವಸ್ಥಾನ. 1905ರಲ್ಲಿ ಕಟ್ಟಿ, ಕಾಲು ಶತಮಾನದ ನಂತರ ಮೇಲೇರುವಂತೆ ಮಾರ್ಪಡಿಸಿದ ಉಕ್ಕಿನ ಸೇತುವೆ, ಸಾವಿರ ಅಡಿ ಉದ್ದದ ಅದಿರಿನ ಹಡಗು ಬಂದಾಗ ಅನಾಮತ್ತಾಗಿ ಮೇಲಕ್ಕೆದ್ದು ದಾರಿ ಬಿಡುವುದನ್ನು ಎಷ್ಟು ನೋಡಿದರೂ ನನಗೆ ಸಾಕಾಗುವುದಿಲ್ಲ. ಹಡಗು ಒಂದು ಉದ್ದ, ಎರಡು ಗಿಡ್ಡ ಸಿಳ್ಳು ಹಾಕಿದರೆ ಸೇತುವೆಯೂ ಹಾಗೆಯೇ ಉತ್ತರ ಕೊಡುತ್ತದೆ. ಜಗತ್ತು ಬಿಸಿಯಾದಂತೆಲ್ಲ ಜನ ಇಲ್ಲಿಗೆ ಬರುತ್ತಾರೆ ಎಂದು 2019ರಲ್ಲಿ ಹಾರ್ವರ್ಡಿನ ಜೆಸ್ಸಿ ಕೀನನ್ ಎಂಬ ವಿದ್ವಾಂಸರು ಹೇಳಿದ್ದು ಪತ್ರಿಕೆಗಳಲ್ಲಿ ಬಂದು, ಡುಲೂತ್‌ಗೆ ಹವಾಮಾನ ಬದಲಾವಣೆ ತಟ್ಟದ ಊರು ಎಂಬ ಹೆಸರೂ ಅಂಟಿಕೊಂಡಿತು. ಆ ಹೆಸರನ್ನು ನಾನು ನಂಬುವುದಿಲ್ಲ. 2012ರ ಜೂನ್‌ನಲ್ಲಿ ಅದೇ ಊರಿನ ಬೀದಿಗಳನ್ನು ಮಳೆಯ ನೀರು ಕಿತ್ತುಕೊಂಡು ಹೋಗಿತ್ತು. ಆದರೂ ತಲೆಯಿಂದ ಲೆಕ್ಕ ಹಾಕಿದರೆ ಗೆಲ್ಲಬೇಕಾದದ್ದು ಡುಲೂತ್ ಎಂದು ಈಗಲೂ ಒಪ್ಪುತ್ತೇನೆ. ಸೋತದ್ದು ಮೊಣಕಾಲಿನಿಂದ. ಊರಿಗೆ ಊರೇ ಗುಡ್ಡದ ಇಳಿಜಾರಿನಲ್ಲಿದೆ. ಸರೋವರ ಕಾಣುವ ಪ್ರತಿಯೊಂದು ಮನೆಯಿಂದಲೂ ಸರೋವರಕ್ಕೆ ಇಳಿದು ಹೋಗಬೇಕು, ಮತ್ತೆ ಹತ್ತಿ ಬರಬೇಕು. ಹಿಮ ಗಟ್ಟಿಯಾದ ಆ ಬೀದಿಗಳ ಬುಡದಲ್ಲಿ ನಿಂತು ಮೇಲೆ ನೋಡಿದ ನನ್ನ ಹೆಂಡತಿ, ಗೊಮ್ಮಟನನ್ನು ನೋಡಲು ಒಮ್ಮೆ ಹತ್ತಿದ್ದು ಸಾಕು, ಹಾಲು ತರುವುದಕ್ಕೂ ಹತ್ತಲಾರೆ ಎಂದಳು.

ಹೀಗೆ ಉಳಿದದ್ದು ಮಾರ್ಕೆಟ್. ಬರೆದರೆ ಸಂತೆಯಂತೆ ಕಾಣುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚ್ ಪಾದ್ರಿಯೊಬ್ಬರ ಹೆಸರು ಅದು, ಕೊನೆಯ ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಮಿಶಿಗನ್ನಿನ ಅಪ್ಪರ್ ಪೆನಿನ್ಸುಲಾದಲ್ಲಿ, ಸುಪೀರಿಯರ್ ಸರೋವರದ ದಕ್ಷಿಣ ದಡದಲ್ಲಿ, ಇಪ್ಪತ್ತು ಸಾವಿರ ಜನರಿರುವ ಊರು. ಅಪ್ಪರ್ ಪೆನಿನ್ಸುಲಾವನ್ನು ಇಲ್ಲಿಯವರು ಯೂಪಿ ಎಂದೇ ಕರೆಯುವುದರಿಂದ, ನಾವು ಯೂಪಿಗೆ ಹೋಗಿ ನೆಲೆಸುತ್ತೇವೆ ಎಂದು ಹೇಳಿದಾಗ ಶಿವಮೊಗ್ಗದ ನಮ್ಮ ಭಾವ ಕಾಶಿಯೋ ಪ್ರಯಾಗವೋ ಎಂದು ಭಕ್ತಿಯಿಂದ ಕೇಳಿದರು. ರಾಜ್ಯದ ನೆಲದಲ್ಲಿ ಕಾಲುಭಾಗಕ್ಕೂ ಹೆಚ್ಚು ಈ ಯೂಪಿಯದು, ಜನಸಂಖ್ಯೆಯಲ್ಲಿ ನೂರಕ್ಕೆ ಮೂರೇ ಮಂದಿ. ಡೆಟ್ರಾಯಿಟಿನಿಂದ ನಾನೂರೈವತ್ತು ಮೈಲಿ ಉತ್ತರಕ್ಕೆ ಹೋಗಬೇಕು, ನಡುವೆ 1957ರಲ್ಲಿ ತೆರೆದ ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆಯನ್ನು ದಾಟಬೇಕು. ಚಳಿಗಾಲ ಮುಗಿಯುವ ಹೊತ್ತಿಗೆ ಅದರ ಕೇಬಲ್ಲುಗಳಿಂದ ಮಂಜುಗಡ್ಡೆಯ ಹೋಳುಗಳು ಬೀಳತೊಡಗಿದರೆ ಗಂಟೆಗಟ್ಟಲೆ ಸೇತುವೆ ಮುಚ್ಚುತ್ತಾರೆ. ಸೇತುವೆಯ ದಕ್ಷಿಣಕ್ಕಿರುವ ನಮ್ಮಂಥವರಿಗೆ ಯೂಪಿಯವರು ಇಟ್ಟಿರುವ ಹೆಸರು ಟ್ರೋಲ್, ಅಂದರೆ ಸೇತುವೆಯ ಕೆಳಗೆ ವಾಸಿಸುವ ಭೂತ.

ಮಾರ್ಕೆಟಿನ ಹಿಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಡುಲೂತ್ ಇದಕ್ಕಿಂತ ಹೆಚ್ಚು ತಣ್ಣಗಿನ ಊರು, ಆದರೆ ಅಲ್ಲಿ ವರ್ಷಕ್ಕೆ ಬೀಳುವ ಹಿಮ ಸುಮಾರು ಏಳು ಅಡಿ. ಮಾರ್ಕೆಟಿನ ಹಿಂಬದಿಯ ಎತ್ತರದಲ್ಲಿರುವ ನಿಗಾನಿಯ ಹವಾಮಾನ ಕೇಂದ್ರದಲ್ಲಿ ಅಳೆಯುವುದು ಸರಾಸರಿ ಹದಿನಾರು ಅಡಿಗಳ ಆಸುಪಾಸು. ಕಾರಣ ಸರೋವರವೇ. ಕೆನಡಾದ ಕಡೆಯಿಂದ ವಾಯವ್ಯದ ಒಣಗಾಳಿ ಬೀಸಿ ಬರುತ್ತದೆ, ಇನ್ನೂ ಹೆಪ್ಪುಗಟ್ಟದ, ಗಾಳಿಗಿಂತ ಬೆಚ್ಚಗಿನ ನೀರಿನ ಮೇಲೆ ಬಹುದೂರ ಹಾಯುತ್ತ ತೇವವನ್ನು ಹೀರಿಕೊಳ್ಳುತ್ತದೆ, ದಕ್ಷಿಣದ ದಡಕ್ಕೆ ಬಂದು ಅಲ್ಲಿಯ ಗುಡ್ಡಗಳಿಗೆ ಎದುರಾಗಿ ಮೇಲೇರಿದಾಗ ಹೊತ್ತದ್ದನ್ನೆಲ್ಲ ಸುರಿದುಬಿಡುತ್ತದೆ. ಅರಬ್ಬೀ ಸಮುದ್ರದ ಮೇಲಿಂದ ಬಂದ ಗಾಳಿ ಘಟ್ಟಕ್ಕೆ ಹತ್ತುವಾಗ ಆಗುಂಬೆಯಲ್ಲಿ ಮಾಡುವುದನ್ನೇ ಇದು ಬಿಳಿಯ ಬಣ್ಣದಲ್ಲಿ ಮಾಡುತ್ತದೆ. ಆಗುಂಬೆಯ ಏಳು ಸಾವಿರ ಮಿಲಿಮೀಟರಿಗೂ ಮೀರಿದ ಮಳೆಯನ್ನು ನಮ್ಮ ಕಡೆಯವರು ಹೇಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೋ, ಹಾಗೆಯೇ ಇಲ್ಲಿಯವರು ಪಕ್ಕದ ಕೀವಿನಾ ಪ್ರಾಂತದಲ್ಲಿ 1978-79ರ ಚಳಿಗಾಲದಲ್ಲಿ ಬಿದ್ದ 390.4 ಅಂಗುಲದ ಹಿಮವನ್ನು ಹೆದ್ದಾರಿಯ ಬದಿಯಲ್ಲಿ ದೈತ್ಯ ಅಳತೆಗೋಲು ನೆಟ್ಟು ತೋರಿಸುತ್ತಾರೆ.

ಈ ಹೋಲಿಕೆಯೇ ನನ್ನ ಹೆದರಿಕೆಯನ್ನು ಕಳೆಯಿತು. ಮೇ ತಿಂಗಳೊಳಗೆ ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿ ತುಂಬಿ, ಅಂಗಳಕ್ಕೆ ಅಡಿಕೆ ಮರದ ದಬ್ಬೆ ಹಾಸಿ, ಮಾಡಿನ ಹೆಂಚು ತಿರುವಿ, ನಾಲ್ಕು ತಿಂಗಳ ಮಳೆಗೆ ಮನೆಯನ್ನು ಸಿದ್ಧಮಾಡುತ್ತಿದ್ದ ಅಜ್ಜಿಯ ಮನೆಯಲ್ಲಿ ಬೆಳೆದವನಿಗೆ, ಅಕ್ಟೋಬರಿನಲ್ಲಿ ಮಾರ್ಕೆಟಿನವರು ಮಾಡುವ ಕೆಲಸಗಳು ಹೊಸವಲ್ಲ. ಅವರೂ ಸೌದೆ ಒಟ್ಟುತ್ತಾರೆ. ಹಿಮ ತಳ್ಳುವ ಯಂತ್ರದವನಿಗೆ ದಾರಿಯ ಅಂಚು ತಿಳಿಯಲೆಂದು ಮನೆಯ ಮುಂದಿನ ದಾರಿಯುದ್ದಕ್ಕೂ ಕಿತ್ತಳೆ ಬಣ್ಣದ ಕೋಲುಗಳನ್ನು ನೆಡುತ್ತಾರೆ. ಮಾಡಿನ ಮೇಲಿನ ಹಿಮವನ್ನು ನೆಲದಿಂದಲೇ ಎಳೆದು ಹಾಕಲು ಇಪ್ಪತ್ತು ಅಡಿ ಉದ್ದದ ಹಿಡಿಯುಳ್ಳ ಗೋರೆಯೊಂದಿರುತ್ತದೆ. ಅಡಿಕೆ ಕೊಯ್ಯುವ ದೋಟಿಯನ್ನು ಹಿಡಿದವರು ಅದನ್ನು ಮೊದಲ ದಿನವೇ ಹಿಡಿಯಬಲ್ಲರು. ನಾನು ಹಿಡಿದು ನೋಡಿದೆ, ಹಿಮ ನನ್ನ ಕುತ್ತಿಗೆಯೊಳಗೇ ಬಿತ್ತು ಎನ್ನುವುದು ಬೇರೆ ಮಾತು.

ಕತ್ತಲೆಯ ಮಾತು ಮಾತ್ರ ನಮ್ಮ ಅನುಭವಕ್ಕೆ ಹೊರಗಿನದು. ಕಾಲವಲಯದ ಪಶ್ಚಿಮದ ಅಂಚಿನಲ್ಲಿರುವುದರಿಂದ ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ, ಐದಕ್ಕೆ ಮುಗಿಯಿತು. ಜೂನ್‌ನಲ್ಲಿ ಅದರ ಬಡ್ಡಿ ಸಮೇತ ವಾಪಸು ಬರುತ್ತದೆ, ದೇವರ ಮುಂದೆ ಸಂಜೆಯ ದೀಪ ಹಚ್ಚುವ ಹೊತ್ತಿಗೆ ರಾತ್ರಿ ಹತ್ತಾಗಿರುತ್ತದೆ.

ಕಳೆದ ಫೆಬ್ರವರಿಯಲ್ಲಿ ನಾವು ಅಲ್ಲಿ ಹನ್ನೆರಡು ದಿನ ಬಾಡಿಗೆಯ ಕೋಣೆಯೊಂದರಲ್ಲಿದ್ದೆವು. ಪ್ರತಿದಿನವೂ ಕಾರು ಮುಟ್ಟದೆ ಎಷ್ಟು ಕೆಲಸವಾಗುತ್ತದೆ ಎಂದು ಪರೀಕ್ಷಿಸುವುದು ನಮ್ಮ ಉದ್ದೇಶವಾಗಿತ್ತು, ಏಕೆಂದರೆ ಒಂದಲ್ಲ ಒಂದು ದಿನ ನಮ್ಮಿಬ್ಬರ ಕೈಯಿಂದಲೂ ಚಾಲನಾ ಪರವಾನಗಿ ಹೋಗುತ್ತದೆ. ಗ್ರಂಥಾಲಯ, ಅಂಚೆ ಕಚೇರಿ, ತರಕಾರಿಯ ಸಹಕಾರಿ ಅಂಗಡಿ, ಔಷಧದ ಅಂಗಡಿ ಎಲ್ಲಕ್ಕೂ ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು ನಡೆದೇ ಹೋಗಿಬಂದೆವು. ಯೂಪಿಗೆಲ್ಲ ದೊಡ್ಡದಾದ ಆಸ್ಪತ್ರೆ ಈ ಊರಿನಲ್ಲೇ ಇದೆ, ಅದರ ಹೊಸ ಕಟ್ಟಡ ತೆರೆದದ್ದು 2019ರಲ್ಲಿ. 1899ರಲ್ಲಿ ಆರಂಭವಾದ ನಾರ್ದರ್ನ್ ಮಿಶಿಗನ್ ವಿಶ್ವವಿದ್ಯಾಲಯ ಇರುವುದರಿಂದ ಪ್ರವಾಸಿಗಳು ಹೋದ ಮೇಲೂ ಊರು ಖಾಲಿಯಾಗುವುದಿಲ್ಲ. ಪ್ರವಾಸಿಗಳು ಬಿಡುವ ತಿಂಗಳುಗಳಲ್ಲೇ ವಿದ್ಯಾರ್ಥಿಗಳಿರುತ್ತಾರೆ. ಸಂಜೆ ಬೀದಿಯಲ್ಲಿ ಕಿಟಕಿಗಳನ್ನು ಎಣಿಸುವುದು ಈಗ ನಮಗೆ ಅಭ್ಯಾಸವಾಗಿಹೋಗಿದೆ, ನಾವು ನಡೆದ ಬೀದಿಯ ಇಪ್ಪತ್ತಮೂರು ಮನೆಗಳಲ್ಲಿ ಹತ್ತೊಂಬತ್ತರಲ್ಲಿ ದೀಪವಿತ್ತು.

ಬಂದರಿನ ನಡುವೆ, ಊರಿನ ಮುಖ್ಯ ಬೀದಿಯ ಕೊನೆಗೆ, ಅದಿರು ತುಂಬುವ ಹಳೆಯ ಕಾಂಕ್ರೀಟು ಕಟ್ಟೆಯೊಂದು ಕೋಟೆಯಂತೆ ನೀರಿನಲ್ಲಿ ನಿಂತಿದೆ. 1971ರಿಂದ ಅದಕ್ಕೆ ಕೆಲಸವಿಲ್ಲ. ಉತ್ತರಕ್ಕೆ ಪ್ರೆಸ್ಕ್ ಐಲ್ ಉದ್ಯಾನದ ಪಕ್ಕದಲ್ಲಿರುವ 1912ರ ಕಟ್ಟೆಯಲ್ಲಿ ಈಗಲೂ ಹಡಗುಗಳಿಗೆ ಅದಿರು ತುಂಬುತ್ತಾರೆ, ಸುಪೀರಿಯರ್‌ನಿಂದ ಕೆಳಗಿನ ಸರೋವರಗಳಿಗೆ ಹಡಗುಗಳನ್ನು ಇಳಿಸುವ ಸೂ ಲಾಕ್ಸ್ ಎಂಬ ಜಲದ್ವಾರಗಳು ಮುಚ್ಚಿರುವ ಜನವರಿ 15ರಿಂದ ಮಾರ್ಚ್ 25ರವರೆಗಿನ ಅವಧಿಯನ್ನು ಬಿಟ್ಟು. ಅಲ್ಲಿಯ ದಡದಲ್ಲಿ ಹಿಮ ಕೆದರಿದಾಗ ಕಡಲೆಕಾಳಿಗಿಂತ ಸ್ವಲ್ಪ ದಪ್ಪನೆಯ, ತುಕ್ಕು ಬಣ್ಣದ ಗುಂಡನೆಯ ಕಾಳೊಂದು ನನ್ನ ಕೈಗೆ ಸಿಕ್ಕಿತು. ಕಬ್ಬಿಣದ ಪೆಲೆಟ್. ನನ್ನ ಹೆಂಡತಿ ಅದನ್ನು ಬೆರಳುಗಳ ನಡುವೆ ಉರುಳಿಸಿ, ಇದು ನಮ್ಮಪ್ಪನ ಮೇಜಿನ ಮೇಲೆ ಬಾಟಲಿ ತುಂಬ ಇರುತ್ತಿತ್ತು ಎಂದಳು. ನಮ್ಮ ಮಾವನವರು ಕುದುರೆಮುಖದ ಕಂಪನಿಯಲ್ಲಿದ್ದವರು. ಅಲ್ಲಿಯ ಅದಿರು ಕೊಳವೆಯಲ್ಲಿ ಕೆಸರಾಗಿ ಘಟ್ಟ ಇಳಿದು ಮಂಗಳೂರಿನಲ್ಲಿ ಇಂಥದ್ದೇ ಕಾಳಾಗುತ್ತಿತ್ತು. ಊರನ್ನು ಒಪ್ಪುವುದಕ್ಕೆ ಅದು ಕಾರಣವಾಗಬಾರದು, ಆದರೆ ಅವಳು ಮಾರ್ಕೆಟನ್ನು ಒಪ್ಪಿದ್ದು ಆ ಗಳಿಗೆಯಲ್ಲೇ ಎಂದು ನನ್ನ ಗುಮಾನಿ.

ದಡದ ಮೇಲೆಯೇ ಮನೆ ಬೇಕೆಂಬ ನನ್ನ ಆಸೆ ಅಷ್ಟರಲ್ಲಿ ಸತ್ತಿತ್ತು. ಮಿಶಿಗನ್ ಸರೋವರದ ನೀರಿನ ಮಟ್ಟ 2013ರ ಜನವರಿಯಲ್ಲಿ ದಾಖಲೆಯ ತಳಕ್ಕಿಳಿದು, 2020ರಲ್ಲಿ ಹಲವು ತಿಂಗಳು ಆಯಾ ತಿಂಗಳ ದಾಖಲೆಯ ಎತ್ತರಕ್ಕೇರಿತು. ಏಳೇ ವರ್ಷಗಳಲ್ಲಿ ಆರು ಅಡಿಗೂ ಹೆಚ್ಚಿನ ಅಂತರ. ಸುಪೀರಿಯರ್‌ನ ಏರಿಳಿತ ಅಷ್ಟಿಲ್ಲದಿದ್ದರೂ ಅದರ ಅಲೆ ಸಮುದ್ರದ ಅಲೆಯೇ. ಮಾರ್ಕೆಟಿನಲ್ಲಿ ದಡದ ಬುಲೆವಾರ್ಡ್ ರಸ್ತೆಯ ಒಂದು ಭಾಗವನ್ನು ಅಲೆಗಳ ಹೊಡೆತ ತಾಳಲಾರದೆ ಒಳಕ್ಕೆ ಸರಿಸಿ ಹೊಸದಾಗಿ ಕಟ್ಟಬೇಕಾಯಿತು. ನಗರಸಭೆ ರಸ್ತೆಯನ್ನು ಸರಿಸಬಲ್ಲದು, ನಾನು ಮನೆಯನ್ನು ಸರಿಸಲಾರೆ. ಹಾಗಾಗಿ ಸರೋವರಕ್ಕೆ ಆರು ಬೀದಿ ಹಿಂದೆ, ಸಮತಟ್ಟಾದ ಕಡೆ, ನಗರದ ನೀರು ಮತ್ತು ಒಳಚರಂಡಿ ಇರುವ, ಮಲಗುವ ಕೋಣೆ ನೆಲ ಅಂತಸ್ತಿನಲ್ಲೇ ಇರುವ ಚಿಕ್ಕ ಮನೆಯೊಂದನ್ನು ಆರಿಸಿದೆವು. ಮಾರುವವರು ಫಿನ್ನಿಶ್ ಮೂಲದ ವೃದ್ಧೆ. ನೆಲಮಾಳಿಗೆಯಲ್ಲಿ ಅವರ ಗಂಡ ಕಟ್ಟಿದ ಸೌನಾ, ಅಂದರೆ ಬಿಸಿಯಲ್ಲಿ ಕುಳಿತು ಬೆವರುವ ಸ್ನಾನದ ಕೋಣೆ ಇದೆ, ನನ್ನ ಹೆಂಡತಿ ಅದನ್ನು ನೋಡಿದ ಕೂಡಲೇ ಬಚ್ಚಲು ಒಲೆಯ ಮನೆ ಎಂದು ನಾಮಕರಣ ಮಾಡಿದಳು.

ಮನೆ ತೆರಿಗೆಯ ಒಂದು ಸೂಕ್ಷ್ಮವನ್ನು ಮಿಶಿಗನ್ನಿಗೆ ಹೊರಗಿನಿಂದ ಬರುವವರು ತಿಳಿದಿರಬೇಕು. 1994ರ ಪ್ರಪೋಸಲ್ ಎ ಪ್ರಕಾರ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಹಣದುಬ್ಬರದಷ್ಟು ಅಥವಾ ಶೇಕಡಾ 5ರಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಏರಬಹುದು. ಮನೆ ಕೈ ಬದಲಾದ ಮರುವರ್ಷ ಆ ಮಿತಿ ಕಳಚಿ, ಮೌಲ್ಯ ಮಾರುಕಟ್ಟೆಯ ಬೆಲೆಯ ಅರ್ಧಕ್ಕೆ ಹಾರುತ್ತದೆ. ಮೂವತ್ತು ವರ್ಷ ಅದೇ ಮನೆಯಲ್ಲಿದ್ದ ವೃದ್ಧೆಯ ತೆರಿಗೆ ರಸೀದಿ ನೋಡಿ ನಾನು ಹಿಗ್ಗಿದ್ದೆ. ಲೆಕ್ಕ ಹಾಕಿದಾಗ ನಮ್ಮದು ಅದರ ಎರಡು ಪಟ್ಟನ್ನೂ ಮೀರುತ್ತದೆ. ಅದೇ ಮನೆಯನ್ನು ಮುಖ್ಯ ನಿವಾಸವೆಂದು ಘೋಷಿಸದೆ ಬೇಸಿಗೆಯ ಮನೆಯಾಗಿ ಇಟ್ಟುಕೊಂಡರೆ ಶಾಲಾ ತೆರಿಗೆಯ 18 ಮಿಲ್‌ಗಳವರೆಗಿನ ವಿನಾಯಿತಿಯೂ ಸಿಗುವುದಿಲ್ಲ, ಅಂದರೆ ತೆರಿಗೆ ಮೌಲ್ಯದ ಪ್ರತಿ ಸಾವಿರ ಡಾಲರಿಗೆ 18 ಡಾಲರಿನವರೆಗೆ ಹೆಚ್ಚು.

ಕಳೆದುಕೊಳ್ಳುವುದು ಏನೆಂದೂ ಬರೆಯಬೇಕಲ್ಲ. ಟ್ರಾಯ್‌ನ ಭಾರತೀಯ ದೇವಸ್ಥಾನಕ್ಕೆ ನಮ್ಮ ಮನೆಯಿಂದ ಹತ್ತು ನಿಮಿಷ. ಪಂಪ ಕನ್ನಡ ಕೂಟದ ಯುಗಾದಿ, ದೀಪಾವಳಿಗಳಲ್ಲಿ ಚಟ್ನಿ ರುಬ್ಬುವುದರಿಂದ ಹಿಡಿದು ಕುರ್ಚಿ ಜೋಡಿಸುವವರೆಗೆ ಎಲ್ಲ ಕೆಲಸವನ್ನೂ ಇಬ್ಬರೂ ಮಾಡಿದ್ದೇವೆ. ಮಾರ್ಕೆಟಿನಲ್ಲಿ ಹನ್ನೆರಡು ದಿನಗಳಲ್ಲಿ ನಾವು ಕೇಳಿದ ಕನ್ನಡ ನಮ್ಮದೇ. ಇಲ್ಲಿ ಮುಗಿದುಹೋದ ಹುಣಿಸೆಹಣ್ಣಿಗೆ ಮೂರು ಗಂಟೆ ದೂರದ ಗ್ರೀನ್ ಬೇ ಕಡೆಗೆ ಹೋಗಬೇಕು. ಕೂಟದ ಗೆಳೆಯರೊಬ್ಬರು, ನಿಮಗೆ ಅರಣ್ಯವಾಸ ಯಾವ ಕೈಕೇಯಿ ಕೊಟ್ಟಳು ಎಂದು ಕೇಳಿದ್ದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಹಬ್ಬಗಳಿಗೆ ಏಳು ಗಂಟೆ ಕಾರು ಓಡಿಸಿ ಬರುತ್ತೇವೆ ಎಂದಿದ್ದೇನೆ. ಎಷ್ಟು ವರ್ಷ ಅದು ನಡೆಯುತ್ತದೆ ಎಂಬುದನ್ನು ಮೊಣಕಾಲು ತೀರ್ಮಾನಿಸುತ್ತದೆ.

ಮನೆಯ ಕಾಗದಪತ್ರ ಮೇ ತಿಂಗಳಲ್ಲಿ ಆಗುತ್ತದೆ. ಎಲ್ಲಕ್ಕಿಂತ ಕಷ್ಟದ ಸಾಮಾನು ಕರಿಬೇವಿನ ಕುಂಡ. ಹದಿನಾಲ್ಕು ವರ್ಷದ ಗಿಡ, ಐದು ಅಡಿ ಎತ್ತರ, ರಾತ್ರಿಯ ಚಳಿ ಹೆಚ್ಚಾದರೆ ಒಂದೇ ವಾರದಲ್ಲಿ ಎಲೆಯನ್ನೆಲ್ಲ ಉದುರಿಸಿ ಮುನಿಸಿಕೊಳ್ಳುತ್ತದೆ. ಅದಕ್ಕೆಂದೇ ಹೊಸ ಮನೆಯ ದಕ್ಷಿಣದ ಕಿಟಕಿಯ ಅಗಲವನ್ನು ಟೇಪು ಹಿಡಿದು ಅಳೆದುಕೊಂಡು ಬಂದಿದ್ದೇವೆ. ಮೊದಲ ಚಳಿಗಾಲವನ್ನು ಪೂರ್ತಿಯಾಗಿ ಅಲ್ಲೇ, ನವೆಂಬರಿನಿಂದ ಏಪ್ರಿಲ್‌ವರೆಗೆ, ಒಂದು ದಿನವೂ ಹೊರಗೆ ಹೋಗದೆ ಕಳೆಯುವುದೆಂದು ಒಪ್ಪಂದವಾಗಿದೆ. ಎರಡನೆಯ ಚಳಿಗಾಲದ ಫೆಬ್ರವರಿಗೆ ಬೆಂಗಳೂರಿನ ಟಿಕೆಟ್ ಎಷ್ಟಾಗುತ್ತದೆ ಎಂದು ನನ್ನ ಹೆಂಡತಿ ಆಗಲೇ ನೋಡತೊಡಗಿದ್ದಾಳೆ. ಆಗ ಕೊಳವೆಗಳು ಹೆಪ್ಪುಗಟ್ಟದಂತೆ ಮನೆ ಬೆಚ್ಚಗಿಟ್ಟು, ಕರಿಬೇವಿಗೆ ನೀರು ಹಾಕುವವರು ಯಾರು ಎಂಬುದನ್ನು ಪಕ್ಕದ ಮನೆಯವರ ಪರಿಚಯವಾದ ಮೇಲೆ ಕೇಳಬೇಕು.